ಹಳೇ ಗೇಮ್ ಪೆಟ್ಟಿಗೆಗೆ ಪ್ಲಗ್ ಹಾಕುವ ಮುಂಚೆ

ಮರಿ, ಜಪಾನಿನಿಂದ ನಿಂಟೆಂಡೊದ ಹಳೇ ಫ್ಯಾಮಿಕಾಮ್ ತರಿಸುತ್ತಿದ್ದೀನಿ ಅಂದೆಯಲ್ಲ, ಬಂದ ದಿನವೇ ಅದನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಬೇಡ. ಉಳಿದದ್ದೆಲ್ಲ ಆಮೇಲೆ, ಇದೊಂದನ್ನು ಮೊದಲು ಕೇಳಿಸಿಕೋ. ಅವರ ಮನೆಗಳಿಗೆ ಬರುವ ಕರೆಂಟು 100 ವೋಲ್ಟ್, ನಮ್ಮದು 230. ಪೆಟ್ಟಿಗೆ ಜೊತೆ ಬರುವ ಅಡಾಪ್ಟರ್ ನೋಡೋಕೆ ಗಟ್ಟಿಮುಟ್ಟಾಗಿಯೇ ಇರುತ್ತದೆ, ಎರಡು ಚಪ್ಪಟೆ ಕಡ್ಡಿಯ ಪಿನ್ನು ನಮ್ಮ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಲೀಸಾಗಿ ಕೂರುತ್ತದೆ ಕೂಡ. ಕೂತ ಸ್ವಲ್ಪ ಹೊತ್ತಿಗೇ ಸುಟ್ಟ ವಾಸನೆ ಬರುತ್ತದೆ. 1983ರ ಜುಲೈ 15ರಂದು ಮಾರುಕಟ್ಟೆಗೆ ಬಂದ ಯಂತ್ರ ಅದು. ಇಷ್ಟು ವರ್ಷ ಬದುಕಿ ಉಳಿದದ್ದು ನಿನ್ನ ಮನೆಗೆ ಬಂದ ಮೊದಲ ದಿನವೇ ಸಾಯಬಾರದು.

ಟಿವಿ, ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಲೇ ತಲೆ ಬೆಳ್ಳಗಾದವನು ನಾನು. ತಾನಾಗಿ ಕೆಟ್ಟ ಯಂತ್ರಕ್ಕಿಂತ, ಸರಿಮಾಡಲು ಹೋದವರ ಆತುರಕ್ಕೆ ಕೆಟ್ಟ ಯಂತ್ರವನ್ನೇ ಹೆಚ್ಚು ನೋಡಿದ್ದೇನೆ. ಈ ಹವ್ಯಾಸದಲ್ಲಂತೂ ಅದು ಇನ್ನೂ ಜಾಸ್ತಿ. ಆಟ ಆಡಬೇಕು ಅನ್ನುವ ಆಸೆ ಕೈಯನ್ನು ಎಳೆಯುತ್ತಿರುತ್ತದಲ್ಲ, ಅದಕ್ಕೆ.

ಅಡಾಪ್ಟರ್ ವಿಚಾರ ಇನ್ನೂ ಸ್ವಲ್ಪ ಇದೆ. ಫ್ಯಾಮಿಕಾಮ್‌ಗೆ ಬೇಕಾದದ್ದು 10 ವೋಲ್ಟ್ ಡಿಸಿ, 850 ಮಿಲಿ ಆಂಪಿಯರ್. ಪಿನ್ನಿನ ಒಳಭಾಗ ಮೈನಸ್, ಹೊರಗಿನ ಸುತ್ತು ಪ್ಲಸ್. ನಮ್ಮಲ್ಲಿ ಸಿಗುವ ಬಹುಪಾಲು ಅಡಾಪ್ಟರುಗಳು ಇದಕ್ಕೆ ಉಲ್ಟಾ, ಒಳಗೆ ಪ್ಲಸ್. ಒಳಗೆ ಮೈನಸ್ ಇರುವ, 9 ವೋಲ್ಟಿನ, 1 ಆಂಪಿಯರ್‌ನ ಒಳ್ಳೆಯ ಅಡಾಪ್ಟರ್ ಸಿಕ್ಕರೆ ಸಾಕು, ಅದರಲ್ಲೇ ಓಡುತ್ತದೆ. ಇದೇ ನಿಂಟೆಂಡೊ ಕಂಪನಿ ಅಮೆರಿಕಕ್ಕೆ ಮಾಡಿದ ಎನ್‌ಇಎಸ್ ಪೆಟ್ಟಿಗೆಯ ಅಡಾಪ್ಟರ್ ಕೊಡುವುದು 9 ವೋಲ್ಟ್ ಎಸಿ. ಎಸಿಯನ್ನು ಡಿಸಿ ಮಾಡುವ ಭಾಗ ಆ ಪೆಟ್ಟಿಗೆಯ ಒಳಗೇ ಇದೆ, ಫ್ಯಾಮಿಕಾಮ್‌ನಲ್ಲಿ ಇಲ್ಲ. ಅದರದು ಇದಕ್ಕೆ ಚುಚ್ಚಿದರೆ ಕಥೆ ಮುಗಿಯಿತು. ಸೇಗಾದವರ ಮೆಗಾ ಡ್ರೈವ್ ಇದೆಯಲ್ಲ, ಅದರ ಮೊದಲನೇ ಮಾದರಿಗೆ ಒಳಗೆ ಮೈನಸ್, ಎರಡನೇ ಮಾದರಿಗೆ ಒಳಗೆ ಪ್ಲಸ್. ಒಂದೇ ಕಂಪನಿ, ಒಂದೇ ಹೆಸರು! ಹಾಗಾಗಿ ಪ್ರತಿ ಅಡಾಪ್ಟರಿಗೂ ಒಂದು ಬಿಳಿ ಟೇಪ್ ಸುತ್ತಿ, ಯಾವ ಯಂತ್ರದ್ದು ಅಂತ ಪೆನ್ನಲ್ಲಿ ಬರೆದಿಡು. ಮಲ್ಟಿಮೀಟರ್ ಇಟ್ಟು ನೋಡದೆ ಯಾವುದನ್ನೂ ಚುಚ್ಚಬೇಡ. ಸಾಧಾರಣ ಮೀಟರ್ ಸಾಕು, ಹೆಸರಾಂತದ್ದೇ ಬೇಕಾಗಿಲ್ಲ.

ಸರಿ, ಈಗ ಬಿಚ್ಚು. ಫ್ಯಾಮಿಕಾಮ್‌ಗೆ ಮಾಮೂಲಿ ನಕ್ಷತ್ರ ಮೂತಿಯ ಸ್ಕ್ರೂಡ್ರೈವರ್ ನಡೆಯುತ್ತದೆ. ಸೂಪರ್ ನಿಂಟೆಂಡೊ, ನಿಂಟೆಂಡೊ 64 ಇವುಗಳ ಸ್ಕ್ರೂ ತಲೆ ಬೇರೆಯದೇ ಥರ. ಕ್ಯಾಸೆಟ್ಟಿಗೆ 3.8 ಮಿಲಿಮೀಟರಿನ ಬಿಟ್, ಪೆಟ್ಟಿಗೆಗೆ 4.5ರದ್ದು ಬೇಕು. ಪೆನ್ನಿನ ಕೊಳವೆ ಕರಗಿಸಿ ಆ ತಲೆಗೆ ಅಂಟಿಸಿ ತಿರುಗಿಸುವ ಉಪಾಯ ಯಾರಾದರೂ ಹೇಳಿಕೊಟ್ಟರೆ ನಕ್ಕು ಸುಮ್ಮನಾಗು, ಬಿಟ್ ಕೊಂಡುಕೋ. ಒಂದೊಂದು ಹಂತಕ್ಕೂ ಮೊಬೈಲಿನಲ್ಲಿ ಫೋಟೊ ತೆಗೆ. ತೆಗೆದ ಸ್ಕ್ರೂಗಳನ್ನು ಮೊಟ್ಟೆ ಟ್ರೇಯಲ್ಲಿ ಬಿಚ್ಚಿದ ಕ್ರಮದಲ್ಲೇ ಹಾಕುತ್ತಾ ಹೋಗು, ಜೋಡಿಸುವಾಗ ಕೊನೆಯ ಗುಳಿಯಿಂದ ಶುರುಮಾಡು.

ನಮ್ಮ ಕಡೆಯ ಯಂತ್ರವಾದರೆ ಒಳಗೆ ಏನೇನು ಸಂಸಾರ ಹೂಡಿರುತ್ತದೋ ಹೇಳಲಾಗದು. ಸಣ್ಣ ಇರುವೆಯ ಗೂಡು, ಜಿರಳೆ ಹಿಕ್ಕೆ, ಬೋರ್ಡಿಗೆ ಅಡ್ಡ ಬಿದ್ದು ಒಣಗಿಹೋದ ಹಲ್ಲಿ. ಮಲೆನಾಡು, ಕರಾವಳಿಯಲ್ಲಿ ಇದ್ದದ್ದಾದರೆ ತಾಮ್ರದ ಮೇಲೆ ಹಸಿರು ಕಿಲುಬು ಕಟ್ಟಿರುತ್ತದೆ. ಇದನ್ನೆಲ್ಲ ಒಣ ಬ್ರಷ್ಷಿನಿಂದ ಮೆಲ್ಲಗೆ ಗುಡಿಸು. ಜಪಾನಿನಿಂದ ಬಂದದ್ದರಲ್ಲಿ ಈ ಕಾಟ ಕಡಿಮೆ, ಆದರೆ ಬೆಂಗಳೂರಿಗೆ ಬಂದಮೇಲೆ ಅದಕ್ಕೂ ನಮ್ಮ ಹಲ್ಲಿಗಳೇ ಗತಿ.

ಯಂತ್ರ ಎದ್ದೇಳಲಿಲ್ಲ ಅಂದರೆ ಹುಡುಗರು ನೇರ ದೊಡ್ಡ ಚಿಪ್ಪಿನ ಮೇಲೆ ಕಣ್ಣು ಹಾಕುತ್ತಾರೆ. ಚಿಪ್ಪಿಗೆ ಬರುವುದು ಕಡೆಯಲ್ಲಿ. ಮೊದಲು ಅಡಾಪ್ಟರಿನ ವೈರು ಕುತ್ತಿಗೆಯಲ್ಲಿ ಮುರಿದಿದೆಯಾ ನೋಡು, ಆಮೇಲೆ ಪಿನ್ನು ಹೋಗುವ ಸಾಕೆಟ್ಟಿನ ಬೆಸುಗೆ ಬಿಟ್ಟಿದೆಯಾ, ಆಮೇಲೆ ಸ್ವಿಚ್ಚು. ಅಲ್ಲಿಂದ ಮುಂದೆ ಅಲ್ಯೂಮಿನಿಯಂ ತಗಡಿಗೆ ಕಚ್ಚಿಕೊಂಡ ಮೂರು ಕಾಲಿನ 7805 ಅನ್ನುವ ರೆಗ್ಯುಲೇಟರ್ ಇರುತ್ತದೆ. ಅದರ ಒಂದು ಕಾಲಿಗೆ ಒಂಬತ್ತು ಹತ್ತು ವೋಲ್ಟ್ ಬರುತ್ತಿರಬೇಕು, ಇನ್ನೊಂದು ಕಾಲಿನಲ್ಲಿ 5 ವೋಲ್ಟ್ ಹೊರಡುತ್ತಿರಬೇಕು. ಬರುತ್ತಿದೆ, ಹೊರಡುತ್ತಿಲ್ಲ ಅಂದರೆ ಕಳ್ಳ ಸಿಕ್ಕಿಬಿದ್ದ ಹಾಗೆ. ಎಸ್‌.ಪಿ. ರೋಡಿನ ಯಾವ ಬಿಡಿಭಾಗದ ಅಂಗಡಿಗೆ ಹೋದರೂ ಕಾಫಿ ದುಡ್ಡಿಗೆ ಹೊಸ 7805 ಕೊಡುತ್ತಾರೆ. ಸತ್ತೇಹೋಗಿದೆ ಅಂತ ಗುಜರಿಗೆ ಬಿದ್ದ ಎಷ್ಟೋ ಯಂತ್ರಗಳ ಕಾಯಿಲೆ ಇಷ್ಟೇ.

ಎದ್ದಿತು, ಪರದೆ ಮೇಲೆ ಬರೀ ಬೂದು ಬಣ್ಣ ಅಥವಾ ಚೆಲ್ಲಾಪಿಲ್ಲಿ ಅಕ್ಷರ ಅಂದರೆ ಕ್ಯಾಸೆಟ್ಟಿನ ಕಾಲುಗಳನ್ನು ನೋಡು. ಚಿಕ್ಕಂದಿನಲ್ಲಿ ನಾವೆಲ್ಲ ಕ್ಯಾಸೆಟ್ಟಿನ ಬಾಯಿಗೆ ಉಫ್ ಅಂತ ಊದಿ ಹಾಕುತ್ತಿದ್ದೆವಲ್ಲ, ಆಶ್ಚರ್ಯ ಅಂದರೆ ಅಮೆರಿಕದ ಮಕ್ಕಳೂ ಅದನ್ನೇ ಮಾಡುತ್ತಿದ್ದರು. ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಊದಿದ್ದಕ್ಕೆ ಸರಿಹೋಗುತ್ತಿರಲಿಲ್ಲ, ತೆಗೆದು ಮತ್ತೆ ಹಾಕಿದ್ದಕ್ಕೆ ಕಾಲುಗಳು ಸರಿಯಾಗಿ ಕೂರುತ್ತಿದ್ದವು ಅಷ್ಟೆ. ಎಂಜಲಿನ ತೇವ ಒಳಗೆ ಹೋಗಿ ಲೋಹ ತಿನ್ನುತ್ತದೆ, ಇನ್ನು ಮುಂದೆ ಊದಬೇಡ. 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೊಹಾಲ್ ಸಿಗುತ್ತದೆ, ಕಿವಿಗೆ ಹಾಕುವ ಬಡ್ಸಿಗೆ ಅದ್ದಿ ಕಾಲುಗಳ ಉದ್ದಕ್ಕೆ ಒರೆಸು. ಬಡ್ಸು ಕಪ್ಪಾಗುವುದು ನಿಲ್ಲುವ ತನಕ ಹೊಸದು ತಗೊಂಡು ಒರೆಸುತ್ತಿರು. ಪೆನ್ಸಿಲ್ ಅಳಿಸುವ ರಬ್ಬರಿನಲ್ಲಿ ಉಜ್ಜಿದರೆ ತಕ್ಷಣ ಫಳಫಳ ಹೊಳೆಯುತ್ತದೆ ನಿಜ, ಜೊತೆಗೆ ತೆಳುವಾದ ಚಿನ್ನದ ಲೇಪವೂ ಸ್ವಲ್ಪ ಸ್ವಲ್ಪವೇ ಹೋಗುತ್ತದೆ. ಮರಳು ಕಾಗದ ಬೇಡವೇ ಬೇಡ. ಥಿನ್ನರ್, ಪೆಟ್ರೋಲ್, ಉಗುರು ಬಣ್ಣ ತೆಗೆಯುವ ದ್ರಾವಣ ಇವು ಪ್ಲಾಸ್ಟಿಕ್ಕನ್ನೇ ಕರಗಿಸುತ್ತವೆ.

ಅಮೆರಿಕದ ಎನ್‌ಇಎಸ್ ಕೊಂಡರೆ ಇನ್ನೊಂದು ತಮಾಷೆ ನೋಡುತ್ತೀಯ. ಕೆಂಪು ದೀಪ ಸೆಕೆಂಡಿಗೊಮ್ಮೆ ಮಿಟುಕಿಸುತ್ತಾ ಕೂರುತ್ತದೆ, ಆಟ ಶುರುವೇ ಆಗುವುದಿಲ್ಲ. 1983ರಲ್ಲಿ ಅಲ್ಲಿಯ ವಿಡಿಯೋ ಗೇಮ್ ವ್ಯಾಪಾರ ನೆಲಕಚ್ಚಿತ್ತು. 1985ರಲ್ಲಿ ನಿಂಟೆಂಡೊದವರು ಅದೇ ಮಾರುಕಟ್ಟೆಗೆ ಇಳಿಯುವಾಗ ಆಟಿಕೆಯ ಹಾಗೆ ಕಾಣಬಾರದು ಅಂತ ವಿಸಿಆರ್ ಥರ ಮುಂದಿನಿಂದ ಕ್ಯಾಸೆಟ್ ತುರುಕುವ ಪೆಟ್ಟಿಗೆ ಮಾಡಿದರು. ಕಳ್ಳ ಕ್ಯಾಸೆಟ್ ಓಡಬಾರದು ಅಂತ ಒಂದು ಕಾವಲು ಚಿಪ್ಪನ್ನೂ ಇಟ್ಟರು. ಆ ವಿಸಿಆರ್ ಬಾಯಿಯ 72 ಕಾಲಿನ ಕನೆಕ್ಟರ್ ಬೇಗ ಸಡಿಲಾಗುತ್ತದೆ. ಕಾಲು ಸರಿಯಾಗಿ ತಾಗದಿದ್ದರೆ ಕಾವಲು ಚಿಪ್ಪು ಅಸಲಿ ಕ್ಯಾಸೆಟ್ಟನ್ನೂ ನಕಲಿ ಅಂದುಕೊಂಡು ಯಂತ್ರವನ್ನು ಮತ್ತೆ ಮತ್ತೆ ಮೊದಲಿಂದ ಶುರುಮಾಡಿಸುತ್ತದೆ. ಆ ಕನೆಕ್ಟರನ್ನು ಬಿಚ್ಚಿ, ನೀರಿನಲ್ಲಿ ಕುದಿಸಿ, ಪೂರ್ತಿ ಒಣಗಿಸಿ ಹಾಕಿದರೆ ಬಹಳ ಸಲ ಸರಿಹೋಗುತ್ತದೆ. ಪೇಟೆಯಲ್ಲಿ ಸಿಗುವ ಅಗ್ಗದ ಹೊಸ ಕನೆಕ್ಟರ್ ಕ್ಯಾಸೆಟ್ಟನ್ನು ಕಚ್ಚಿಹಿಡಿದು ಬಿಡುವುದೇ ಇಲ್ಲ. ಹಳೆಯದನ್ನು ಉಳಿಸಿಕೊಳ್ಳುವುದೇ ವಾಸಿ.

ಕೆಪಾಸಿಟರ್ ಬಗ್ಗೆ ಈಗಿನವರಿಗೆ ಒಂದು ಗೀಳು ಹಿಡಿದಿದೆ. ಯಂತ್ರ ಕೈಗೆ ಬಂದರೆ ಸಾಕು, ಇರೋಬರೋ ಕೆಪಾಸಿಟರ್ ಎಲ್ಲ ಕಿತ್ತು ಹೊಸದು ಹಾಕಿಬಿಡಬೇಕು ಅನ್ನುತ್ತಾರೆ. ಇದು ಯಂತ್ರ ನೋಡಿ ಮಾಡುವ ಕೆಲಸ. ಸೇಗಾದ ಗೇಮ್ ಗೇರ್ ಅಂತ 1990ರಲ್ಲಿ ಬಂದ ಕೈಯಲ್ಲಿ ಹಿಡಿಯುವ ಯಂತ್ರ ಇದೆಯಲ್ಲ, ಆರು ಪೆನ್ಸಿಲ್ ಸೆಲ್ ನುಂಗುವಂಥದ್ದು, ಅದಕ್ಕೆ ಬದಲಾಯಿಸಲೇಬೇಕು. ಅದರ ಪುಟ್ಟ ಕೆಪಾಸಿಟರ್‌ಗಳು ಸೋರಿ, ಮೀನು ವಾಸನೆಯ ದ್ರವ ಬೋರ್ಡಿನ ತಾಮ್ರವನ್ನೇ ತಿಂದಿರುತ್ತದೆ. ಮೈಕ್ರೋಸಾಫ್ಟಿನ ಮೊದಲ ಎಕ್ಸ್‌ಬಾಕ್ಸ್‌ನಲ್ಲಿ ಗಡಿಯಾರಕ್ಕೆಂದು ಇಟ್ಟ ಒಂದು ಕೆಪಾಸಿಟರೂ ಹಾಗೇ. ಬಹುಪಾಲು ಮಾದರಿಗಳಲ್ಲಿ ಅದನ್ನು ಕಿತ್ತು ಬಿಸಾಕಿದರೂ ಗಡಿಯಾರ ತಪ್ಪುವುದು ಬಿಟ್ಟರೆ ಇನ್ನೇನೂ ನಷ್ಟವಿಲ್ಲ, ಬಿಟ್ಟರೆ ಮಾತ್ರ ಬೋರ್ಡೇ ಹೋಗುತ್ತದೆ. ಆದರೆ ಚಿತ್ರ, ಸದ್ದು ಎರಡೂ ಚೆನ್ನಾಗಿ ಬರುತ್ತಿರುವ ಫ್ಯಾಮಿಕಾಮ್‌ನ ಕೆಪಾಸಿಟರ್ ಕೀಳುವುದು ದಂಡದ ಕೆಲಸ. ಹೊಸದು ಹಾಕಲೇಬೇಕಾದಾಗ ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ಹೆಚ್ಚಿರಲಿ, 105 ಡಿಗ್ರಿಯದ್ದು ಕೇಳಿ ತಗೋ. ಪ್ಲಸ್ ಮೈನಸ್ ನೋಡಿಕೊಂಡು ಹಾಕು.

ಬೆಸುಗೆ ಕಲಿಯುವುದು ನಿನ್ನ ಫ್ಯಾಮಿಕಾಮ್ ಮೇಲೆ ಬೇಡ. ಗುಜರಿಯಲ್ಲಿ ಸತ್ತ ಡಿವಿಡಿ ಪ್ಲೇಯರ್, ಸೆಟ್‌ಟಾಪ್ ಬಾಕ್ಸು ರಾಶಿ ಬಿದ್ದಿರುತ್ತವೆ. ಅವುಗಳ ಬೋರ್ಡಿನಿಂದ ಒಂದೊಂದೇ ಬಿಡಿಭಾಗ ಕಿತ್ತು, ಮತ್ತೆ ಅಲ್ಲೇ ಕೂರಿಸು. ತಾಮ್ರದ ಗೆರೆ ಏಳದ ಹಾಗೆ ಕೀಳಲು ಬಂತು ಅಂದರೆ ನಿನ್ನ ಕೈ ಪಳಗಿತು ಅಂತ ಲೆಕ್ಕ. 25 ವ್ಯಾಟಿನ ಐರನ್, 60-40ರ ಸೋಲ್ಡರ್ ತಂತಿ, ಸ್ವಲ್ಪ ಫ್ಲಕ್ಸ್ ಇದ್ದರೆ ಆಯಿತು. ಕಿಟಕಿ ತೆಗೆದಿಟ್ಟುಕೋ, ಆ ಹೊಗೆ ಒಳ್ಳೆಯದಲ್ಲ. ಕೆಲಸ ಮುಗಿದಮೇಲೆ ಕೈ ತೊಳೆಯದೆ ಊಟಕ್ಕೆ ಕೂರಬೇಡ, ಆ ತಂತಿಯಲ್ಲಿ ಸೀಸ ಇದೆ.

ಕೆಲವು ಕ್ಯಾಸೆಟ್ಟಿನ ಒಳಗೆ ಗುಂಡಿಯಂಥ ಬ್ಯಾಟರಿ ಇರುತ್ತದೆ. ಆಟ ಎಲ್ಲಿಗೆ ನಿಲ್ಲಿಸಿದೆವು ಅನ್ನುವುದನ್ನು ನೆನಪಿಟ್ಟುಕೊಳ್ಳುವುದೇ ಅದರ ಕೆಲಸ. ಜೆಲ್ಡಾ, ಪೋಕೆಮಾನ್ ಇಂಥವುಗಳಲ್ಲಿ ನೋಡಬಹುದು. ಇಷ್ಟು ವರ್ಷಕ್ಕೆ ಅದು ಸತ್ತಿರುತ್ತದೆ, ಇಲ್ಲವೇ ಸಾಯುವ ಹಾದಿಯಲ್ಲಿರುತ್ತದೆ. ಬದಲಾಯಿಸುವುದು ಸುಲಭ, ಆದರೆ ಸೆಲ್ಲಿನ ಮೈಗೆ ನೇರವಾಗಿ ಐರನ್ ಮುಟ್ಟಿಸಬೇಡ, ಬಿಸಿಗೆ ಸಿಡಿಯಬಹುದು. ತಗಡಿನ ಕಾಲು ಮೊದಲೇ ಹಚ್ಚಿರುವ ಸೆಲ್ ಕೇಳಿ ತರಿಸಿಕೋ. ಹಳೆಯದು ತೆಗೆದ ಕ್ಷಣ ಅದರೊಳಗಿನ ನೆನಪೂ ಹೋಗುತ್ತದೆ. ಸೆಕೆಂಡ್ ಹ್ಯಾಂಡ್ ಪೋಕೆಮಾನ್ ಕ್ಯಾಸೆಟ್ಟಿನಲ್ಲಿ ಯಾವುದೋ ಊರಿನ ಯಾವುದೋ ಮಗು ತನ್ನ ಹೆಸರಿಟ್ಟು ಸಾಕಿದ ಪ್ರಾಣಿಗಳೆಲ್ಲ ಇನ್ನೂ ಉಳಿದಿರಬಹುದು. ಅದನ್ನು ಮೊದಲು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಸಣ್ಣ ಸಾಧನಗಳು ಈಗ ಸಿಗುತ್ತವೆ. ಇಳಿಸಿಕೊಂಡೇ ಮುಂದುವರಿ.

ಗೇಮ್ ಬಾಯ್ ಥರದ ಸೆಲ್ ಹಾಕುವ ಯಂತ್ರಗಳಲ್ಲಿ ಸೋರಿದ ಸೆಲ್ಲಿನ ಹೂವು ಕಟ್ಟಿರುತ್ತದೆ. ಆಲ್ಕಲೈನ್ ಸೆಲ್ಲಾಗಿದ್ದರೆ ವಿನೆಗರ್, ನಮ್ಮ ಹಳೇ ಮಾಮೂಲಿ ಸೆಲ್ಲಾಗಿದ್ದರೆ ಅಡಿಗೆ ಸೋಡಾ ಕಲಸಿದ ನೀರು, ಆಮೇಲೆ ಆಲ್ಕೊಹಾಲ್. ಎತ್ತಿಡುವ ಯಾವ ಯಂತ್ರದಲ್ಲೂ ಸೆಲ್ ಬಿಡಬೇಡ.

ಹಳದಿಯಾದ ಪ್ಲಾಸ್ಟಿಕ್ಕನ್ನು ಬೆಳ್ಳಗೆ ಮಾಡಬೇಕು ಅಂತ ನಿನಗೆ ಆಸೆ ಬಂದೇ ಬರುತ್ತದೆ. ಬೆಂಕಿ ಬೇಗ ಹತ್ತದಿರಲಿ ಅಂತ ಆ ಪ್ಲಾಸ್ಟಿಕ್ಕಿಗೆ ಬ್ರೋಮಿನ್ ಇರುವ ರಾಸಾಯನಿಕ ಬೆರೆಸುತ್ತಿದ್ದರು, ಬಿಸಿಲು ಗಾಳಿಗೆ ಅದು ಹಳದಿಗೆ ತಿರುಗುತ್ತದೆ ಅನ್ನುತ್ತಾರೆ. ಹೈಡ್ರೋಜನ್ ಪೆರಾಕ್ಸೈಡ್ ಬಳಿದು ಬಿಸಿಲಿಗಿಟ್ಟರೆ ಬೆಳ್ಳಗಾಗುತ್ತದೆ. ಕೆಲವು ವರ್ಷಕ್ಕೆ ಮತ್ತೆ ಹಳದಿ. ಬಳಿದದ್ದು ಒಂದೇ ಸಮ ಇಲ್ಲದಿದ್ದರೆ ಚಿಬ್ಬು ಬಂದ ಹಾಗೆ ಮಚ್ಚೆ ಮಚ್ಚೆ. ನನ್ನ ಮಾತು ಕೇಳುವುದಾದರೆ ಸೋಪಿನ ನೀರಿನಲ್ಲಿ ಒರೆಸಿ ಬಿಟ್ಟುಬಿಡು, ಅದರ ವಯಸ್ಸು ಅದಕ್ಕಿರಲಿ.

ಟಿವಿ ಮಾತಿಗೆ ಬಂದರೆ ನಾನು ಸ್ವಲ್ಪ ಹೆಚ್ಚೇ ಮಾತಾಡುತ್ತೇನೆ, ಸಹಿಸಿಕೋ. ಮೊದಲ ಫ್ಯಾಮಿಕಾಮ್‌ನಲ್ಲಿ ಕೆಂಪು, ಬಿಳಿ, ಹಳದಿ ವೈರು ಸಿಕ್ಕಿಸುವ ತೂತೇ ಇಲ್ಲ, ಆಂಟೆನಾ ವೈರೊಂದೇ. ಅದು ಕಳಿಸುವುದು ಜಪಾನಿನ ಚಾನೆಲ್ ಒಂದು, ಎರಡಕ್ಕೆ. ಅವು ನಮ್ಮ ಚಾನೆಲ್ಲುಗಳ ಲೆಕ್ಕಕ್ಕೆ ಹೊಂದುವುದಿಲ್ಲ. ಅದರ ಮೇಲೆ ಅವರದು ಎನ್‌ಟಿಎಸ್‌ಸಿ, ನಮ್ಮದು ಪಾಲ್. ಹಾಗಾಗಿ ಎವಿ ವೈರು ಬರುವ ಹಾಗೆ ಒಳಗೆ ಸಣ್ಣ ಮಾರ್ಪಾಡು ಮಾಡಿಸಬೇಕು, ಇಲ್ಲವೇ 1993ರ ಕೊನೆಗೆ ಬಂದ ಹೊಸ ಮಾದರಿ ಹುಡುಕಬೇಕು, ಅದಕ್ಕೆ ಎವಿ ಇದೆ. ಪಿಕ್ಚರ್ ಟ್ಯೂಬ್ ಟಿವಿ ಯಾಕೆ ಬೇಕು ಅನ್ನುವೆಯಾ? ಡಕ್ ಹಂಟ್ ಆಡಿ ನೋಡು. ಬಂದೂಕಿನ ಕುದುರೆ ಒತ್ತಿದಾಗ ಪರದೆ ಒಂದು ಕ್ಷಣ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಮೂಡುತ್ತದೆ. ಗುಂಡು ಹಾರುವುದು ಬಂದೂಕಿನಿಂದ ಅಂತ ನಾವು ತಿಳಿದಿದ್ದೆವು. ನಿಜದಲ್ಲಿ ಬಂದೂಕು ಬೆಳಕು ನೋಡುವ ಕಣ್ಣು ಮಾತ್ರ. ಎಲ್‌ಸಿಡಿ ಪರದೆ ಆ ಚೌಕವನ್ನು ಒಂದಿಷ್ಟು ತಡವಾಗಿ ತೋರಿಸುತ್ತದೆ, ಅಷ್ಟರಲ್ಲಿ ಬಂದೂಕು ತಪ್ಪಿತು ಅಂತ ತೀರ್ಮಾನಿಸಿರುತ್ತದೆ. ಆಟದೊಳಗಿನ ನಾಯಿ ಎದ್ದು ನಗುತ್ತದೆ.

ಆದ್ದರಿಂದ ಬಿಪಿಎಲ್ಲೋ ಒನಿಡಾನೋ ಓಡುವ ಸ್ಥಿತಿಯ 14 ಇಂಚಿನ ಟಿವಿ ಎಲ್ಲಾದರೂ ಕಂಡರೆ ತಂದಿಟ್ಟುಕೋ, ಗುಜರಿಯವರು ಇನ್ನು ಎಷ್ಟು ದಿನ ಉಳಿಸುತ್ತಾರೋ. ಆದರೆ ಅದರ ಹಿಂದಿನ ಮುಚ್ಚಳ ಮಾತ್ರ ನೀನು ತೆಗೆಯಬೇಡ. ಪಿಕ್ಚರ್ ಟ್ಯೂಬಿನ ನೆತ್ತಿಗೆ ಹೋಗುವ ಆ ದಪ್ಪ ವೈರಿನಲ್ಲಿ ಇಪ್ಪತ್ತು ಸಾವಿರ ವೋಲ್ಟಿನ ಆಸುಪಾಸು ಇರುತ್ತದೆ, ಪ್ಲಗ್ ಕಿತ್ತಮೇಲೂ ಉಳಿದಿರಬಹುದು. ಟಿವಿ ಒಳಗೆ ಕೈ ಹಾಕುವಾಗ ಇನ್ನೊಂದು ಕೈ ಪ್ಯಾಂಟಿನ ಜೇಬಿನಲ್ಲಿರಲಿ ಅಂತ ನಮಗೆ ಕೆಲಸ ಕಲಿಸಿದ ಮೇಷ್ಟ್ರು ಹೇಳುತ್ತಿದ್ದರು. ಕರೆಂಟು ಒಂದು ಕೈಯಿಂದ ಇನ್ನೊಂದಕ್ಕೆ ಎದೆಯ ಮೇಲೆ ಹಾಯಬಾರದು ಅಂತ. ಟಿವಿ ಕೆಟ್ಟರೆ ನನ್ನಂಥ ಹಳಬರ ಹತ್ತಿರ ತಾ.

ಇನ್ನು ಏನನ್ನು ಕೂಡಿಡಬೇಕು ಅನ್ನುವುದು. 2021ರಲ್ಲಿ ಸೀಲು ಒಡೆಯದ ಒಂದು ಸೂಪರ್ ಮಾರಿಯೋ ಬ್ರದರ್ಸ್ ಕ್ಯಾಸೆಟ್ 20 ಲಕ್ಷ ಡಾಲರಿಗೆ ಹೋಯಿತು. ಲೋಕದಲ್ಲಿ 4 ಕೋಟಿಗೂ ಹೆಚ್ಚು ಮಾರಾಟವಾದ ಆಟ ಅದು. ಆ ದುಡ್ಡು ಆಟಕ್ಕಲ್ಲ, ಮೇಲಿನ ಪ್ಲಾಸ್ಟಿಕ್ ಹಾಳೆ ಹರಿಯದೆ ಇದ್ದದ್ದಕ್ಕೆ. ಆ ಸಂತೆಗೆ ನೀನು ಹೋಗಬೇಡ. ನಿನ್ನ ಸಂಬಳಕ್ಕೆ ಅದು ಆಗಿಬರುವುದಿಲ್ಲ ಅಂತ ಮಾತ್ರ ಹೇಳುತ್ತಿಲ್ಲ, ಆಡಲಾಗದ ಆಟವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಏನು ಮಾಡುತ್ತೀಯ? ಓಡುವ ನಾಲ್ಕು ಯಂತ್ರ ಸಾಕು. ಮಳೆಗಾಲದಲ್ಲಿ ಆಗಾಗ ಹೊರಗೆ ತೆಗೆದು ಓಡಿಸುವಷ್ಟು ಮಾತ್ರ ಇಟ್ಟುಕೋ. ಅದಕ್ಕಿಂತ ಹೆಚ್ಚಾದರೆ ಅವು ನಿನ್ನ ಮನೆಯಲ್ಲೂ ಹಲ್ಲಿಗೇ ಹೋಗುತ್ತವೆ.

ನನ್ನನ್ನು ಕೇಳಿದರೆ ಆ ನಾಲ್ಕರಲ್ಲಿ ಒಂದು ನಮ್ಮೂರಿನ ನಕಲಿ ಇರಲೇಬೇಕು. ತೊಂಬತ್ತರ ದಶಕದಲ್ಲಿ ನ್ಯಾಷನಲ್ ಮಾರ್ಕೆಟ್ಟಿನಿಂದ, ಜಾತ್ರೆ ಅಂಗಡಿಯಿಂದ, ಗಲ್ಫಿನಿಂದ ಬಂದ ಮಾವನ ಸೂಟ್‌ಕೇಸಿನಿಂದ ಮನೆ ಸೇರಿದ ಪೆಟ್ಟಿಗೆಗಳು ಅವು. ನಾವದನ್ನು ಬರೀ ‘ವಿಡಿಯೋ ಗೇಮ್’ ಅನ್ನುತ್ತಿದ್ದೆವು. ಮೀಡಿಯಾ, ಲಿಟ್ಲ್ ಮಾಸ್ಟರ್ ಅಂತೆಲ್ಲ ಹೆಸರು. ಒಳಗಿದ್ದದ್ದು ಫ್ಯಾಮಿಕಾಮ್‌ನ ನಕಲು. ರಷ್ಯಾದಲ್ಲಿ ಇದೇ ನಕಲಿಗೆ ಡೆಂಡಿ ಅಂತ ಹೆಸರು, ಪೋಲೆಂಡಿನಲ್ಲಿ ಪೆಗಾಸಸ್. ಅಲ್ಲಿಯವರು ಅವನ್ನು ಹುಡುಕಿ ಹುಡುಕಿ ಕೂಡಿಡುತ್ತಾರೆ. ನಾವು ಮಾತ್ರ ನಕಲಿ ಅಂತ ನಾಚಿಕೆಪಟ್ಟು ಗುಜರಿಗೆ ಹಾಕುತ್ತೇವೆ. ನಮ್ಮ ಮಕ್ಕಳು ಕಾಂಟ್ರಾ ಆಡಿದ್ದು, ಟ್ಯಾಂಕ್ ಗೇಮ್ ಅಂತ ಬ್ಯಾಟಲ್ ಸಿಟಿ ಆಡಿದ್ದು ಅದರಲ್ಲೇ ಅಲ್ಲವೇ? ‘9999 ಇನ್ 1’ ಅಂತ ಬರೆದ ಕ್ಯಾಸೆಟ್ಟಿನಲ್ಲಿ ಇರುತ್ತಿದ್ದುದು ಬೆರಳೆಣಿಕೆಯ ಆಟ. ಅದನ್ನೇ ತಿರುಗಿಸಿ ತಿರುಗಿಸಿ ಬೇರೆ ಬೇರೆ ಹೆಸರಲ್ಲಿ ಪಟ್ಟಿ ಮಾಡಿರುತ್ತಿದ್ದರು. ಆ ಸುಳ್ಳಿನ ಪಟ್ಟಿಯನ್ನೂ ಉಳಿಸಬೇಕು.

ಈ ನಕಲಿಗಳಲ್ಲಿ ಎರಡು ಜಾತಿ. ಬಿಚ್ಚಿದಾಗ ಬೋರ್ಡಿನ ಮೇಲೆ ನಲವತ್ತು ಕಾಲಿನ ಎರಡು ದೊಡ್ಡ ಚಿಪ್ಪು ಕಂಡರೆ ಅದು ಹಳೇ ಕಾಲದ್ದು, ರಿಪೇರಿಗೆ ಒಗ್ಗುತ್ತದೆ. ಅದರ ಬದಲು ಕಪ್ಪು ಅಂಟಿನ ಉಂಡೆಯೊಂದು ಕಂಡರೆ ಇಡೀ ಯಂತ್ರವೇ ಆ ಉಂಡೆಯೊಳಗಿದೆ. ಉಂಡೆ ಸತ್ತರೆ ಮುಗಿಯಿತು, ಸುತ್ತಲಿನ ವೈರು, ಸ್ವಿಚ್ಚು, ರಿಮೋಟಿನ ಕಾರ್ಬನ್ ರಬ್ಬರು ಮಾತ್ರ ಸರಿಮಾಡಬಹುದು. ಒಂದು ಸಂತೋಷದ ಸಂಗತಿ ಏನೆಂದರೆ ನಮ್ಮ ಹಳೇ ಕ್ಯಾಸೆಟ್ಟಿಗೂ ಜಪಾನಿನದಕ್ಕೂ 60 ಕಾಲೇ. ಅಟ್ಟದ ಮೇಲಿನ ಕ್ಯಾಸೆಟ್ಟು ನೀನು ತರಿಸಿದ ಅಸಲಿ ಫ್ಯಾಮಿಕಾಮ್‌ನಲ್ಲೂ ಕೂರುತ್ತದೆ.

ನಿಂಟೆಂಡೊದವರೇ 2003ರಲ್ಲಿ ಫ್ಯಾಮಿಕಾಮ್ ತಯಾರಿಸುವುದು ನಿಲ್ಲಿಸಿದರು. ಬಿಡಿಭಾಗ ಸಿಗುತ್ತಿಲ್ಲ ಅಂತ 2007ರಲ್ಲಿ ರಿಪೇರಿಯನ್ನೂ ಕೈಬಿಟ್ಟರು. ಅದನ್ನು ರೂಪಿಸಿದ ಮಸಾಯುಕಿ ಉಎಮುರಾ ಕಂಪನಿ ಬಿಟ್ಟಮೇಲೆ ಕ್ಯೋಟೊದ ರಿತ್ಸುಮೇಕನ್ ವಿಶ್ವವಿದ್ಯಾಲಯದಲ್ಲಿ ಗೇಮ್‌ಗಳ ಅಧ್ಯಯನ ಕೇಂದ್ರ ನಡೆಸಿದರು, 2021ರಲ್ಲಿ ತೀರಿಕೊಂಡರು. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಎಣಿಸಿ ನೋಡಿದಾಗ, ಅಲ್ಲಿ 2010ಕ್ಕೆ ಮುಂಚೆ ಬಂದ ಆಟಗಳಲ್ಲಿ 100ಕ್ಕೆ 87 ಈಗ ಅಂಗಡಿಯಲ್ಲಿ ಕೊಳ್ಳಲು ಸಿಗುವುದಿಲ್ಲ ಅಂತ ಗೊತ್ತಾಯಿತು. ಎಲ್ಲಕ್ಕೂ ಲೆಕ್ಕ ಇಡುವ ದೇಶದ ಕಥೆ ಇದು. ನಮ್ಮ ನಕಲಿ ಪೆಟ್ಟಿಗೆಗಳ ಲೆಕ್ಕ ಯಾರಿಟ್ಟಿದ್ದಾರೆ?

ಹಬ್ಬಕ್ಕೆ ಊರಿಗೆ ಹೋದಾಗ ಅತ್ತೆ, ಚಿಕ್ಕಮ್ಮಂದಿರ ಮನೆಯ ಅಟ್ಟದಲ್ಲಿ ಒಂದು ಸಲ ಹುಡುಕು. ಸಿಕ್ಕಿದ್ದನ್ನು ತರುವ ಮುಂಚೆ ಅದನ್ನು ಯಾರು ಕೊಂಡರು, ಯಾವ ವರ್ಷ, ಯಾವ ಅಂಗಡಿಯಲ್ಲಿ, ಎಷ್ಟು ಕೊಟ್ಟರು, ಮನೆಯಲ್ಲಿ ಯಾರ್‍ಯಾರು ಆಡುತ್ತಿದ್ದರು ಅಂತ ಕೇಳಿ ಒಂದು ಹಾಳೆಯಲ್ಲಿ ಬರೆದುಕೋ. ಆ ಹಾಳೆಯನ್ನು ಮಡಚಿ ಯಂತ್ರದ ಜೊತೆಗೇ ಡಬ್ಬಿಯಲ್ಲಿ ಇಡು.